ದಾಟಿದವನೇ ತೆಗೆಯಬೇಕಾದ ಸೊಪ್ಪು

ತೀರ್ಥಪ್ರಸಾದ ಯಾವುದನ್ನೂ ‘ಇದೆ’ ಎಂದು ಹೇಳುತ್ತಿರಲಿಲ್ಲ. ಮಾದಾಪುರದ ಬಸ್ ಸ್ಟ್ಯಾಂಡಿನಲ್ಲಿ ಪರವೂರಿನ ಯಾರಾದರೂ ಹತ್ತಿರ ಬಂದು ಸೋಮವಾರಪೇಟೆಗೆ ಹನ್ನೊಂದು ಗಂಟೆಗೆ ಬಸ್ಸಿದೆಯೇ ಎಂದು ಕೇಳಿದರೆ, “ನಿನ್ನೆ ಇತ್ತು” ಎನ್ನುತ್ತಿದ್ದ. ಮನೆಗೆ ಫೋನು ಮಾಡಿ ಚಿನ್ನಿ ಇದ್ದಾಳೆಯೇ ಎಂದು ವಿಚಾರಿಸಿದರೆ, ಪಾತ್ರೆ ತೊಳೆಯುವ ಸದ್ದು ನಮಗೇ ಕೇಳಿಸುತ್ತಿದ್ದರೂ, “ಈಗ ಕಾಫಿ ಕೊಟ್ಟು ಹೋದ್ಳು, ತಡೀರಿ, ನೋಡಿ ಹೇಳ್ತೇನೆ” ಎಂದು ಎದ್ದು ಹೋಗಿ, ಕಣ್ಣಾರೆ ಕಂಡು, ಮರಳಿ ಬಂದು ಹೇಳುತ್ತಿದ್ದ. ಒಂದು ಮದುವೆಯ ಚಪ್ಪರದಲ್ಲಿ ಹಳೆಯ ಪರಿಚಯದ ಹೆಂಗಸೊಬ್ಬರು “ನಿಮ್ಮಣ್ಣ ಚೆನ್ನಾಗಿದ್ದಾರಾ?” ಎಂದಾಗ ಇವನು “ಭಾನುವಾರ ಚೆನ್ನಾಗಿದ್ದ” ಎಂದು ಗಂಭೀರವಾಗಿ ಉತ್ತರಿಸಿದ್ದನ್ನು, ಆಕೆ ಪಾಯಸದ ಲೋಟವನ್ನು ಕೆಳಗಿಟ್ಟು “ಅಯ್ಯೋ ದೇವರೇ, ಆಮೇಲೆ ಎಂತಾಯ್ತು?” ಎಂದು ಸೆರಗಿಗೆ ಕೈ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಅವನ ಹೆಂಡತಿ ಚಿನ್ನಿಗೆ ಇದೊಂದು ಮುಗಿಯದ ತಮಾಷೆ. “ಇವ್ಳು ನಿಮ್ಮ ಹೆಂಡ್ತಿಯಾ ಅಂತ ಯಾರಾದ್ರೂ ಕೇಳಿದ್ರೆ, ಮದ್ವೆ ದಿನ ಆಗಿದ್ಳು ಅಂತಾರೆ ನೋಡಿ ಮೇಷ್ಟ್ರೇ” ಎನ್ನುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ಅರುವತ್ತೊಂದು ವರ್ಷ. ಅವನ ಬಗ್ಗೆ ಬರೆಯಲು ಐದು ತಿಂಗಳಿನಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಒಂದು ಪುಟ ಆದೊಡನೆ ಇದನ್ನು ಗುರುವಾರ ಅವನಿಗೆ ಓದಿ ತೋರಿಸಬೇಕು ಎಂದು ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ, ಆಮೇಲೆ ಸುಸ್ತಾಗುತ್ತದೆ.

ಅವನ ಕೋಟಿನಿಂದ ಆರಂಭಿಸುವುದು ಸುಲಭ. ಖಾಕಿಯೂ ಅಲ್ಲ, ಹಸಿರೂ ಅಲ್ಲ ಎಂಬಂಥ ಬಣ್ಣಕ್ಕೆ ತಿರುಗಿದ್ದ ಆ ಕೋಟು ಅವನು ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದಾಗ ಕೊಟ್ಟದ್ದು. ಸ್ವಯಂನಿವೃತ್ತಿ ತೆಗೆದುಕೊಂಡು ಇಲಾಖೆಯನ್ನು ಬಿಟ್ಟ, ಕೋಟನ್ನು ಬಿಡಲಿಲ್ಲ. ಬಲಗಡೆಯ ಜೇಬಿನಲ್ಲಿ ಇಕ್ಕಳ, ಟೇಪು, ತಂತಿಯ ತುಂಡುಗಳು. ಎಡಗಡೆಯದರಲ್ಲಿ ಜಿಗಣೆಗೆಂದು ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ತುಂಬಿದ ಪುಟ್ಟ ಡಬ್ಬಿ. ಇಪ್ಪತ್ತು ವರ್ಷ ತಂತಿಯ ಸುರುಳಿ ಹೊತ್ತ ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ನಡೆಯುವಾಗ ಕಾಲುಗಳನ್ನು ಅವುಗಳ ಪಾಡಿಗೆ ಬಿಟ್ಟು, ಕಂಬದಿಂದ ಕಂಬಕ್ಕೆ ಹೋಗುವ ತಂತಿಯ ಮೇಲೆ ಕಣ್ಣಿಟ್ಟು, ಮೋರೆ ಮೇಲೆ ಮಾಡಿ ನಡೆಯುತ್ತಿದ್ದ. ದಾರಿ ಎರಡಾಗುವ ಕಡೆ, ಅದು ದಿನಕ್ಕೆ ನಾಲ್ಕು ಸಲ ನಡೆದ ದಾರಿಯೇ ಆಗಿರಲಿ, ಒಂದು ಉಸಿರಿನಷ್ಟು ಹೊತ್ತು ನಿಂತು ಆಮೇಲೆ ಹೆಜ್ಜೆ ಇಡುತ್ತಿದ್ದ.

ಇಪ್ಪತ್ತೇಳು ವರ್ಷದ ಹಿಂದೆ ನಾನು ಕನ್ನಡ ಪಾಠ ಮಾಡುತ್ತಿದ್ದ ಹೈಸ್ಕೂಲಿಗೆ ಫೋನಿನ ಸಂಪರ್ಕ ಕೊಡಲು ಬಂದವನು ಸ್ಟಾಫ್ ರೂಮಿನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ನೋಡುತ್ತ ಕೆಲಸವನ್ನೇ ಮರೆತ. ಅಲ್ಲಿಂದ ನಮ್ಮ ಗುರುವಾರಗಳು ಶುರುವಾದವು. ನಾನು ಅವನ ಮನೆಗೆ ಹೋಗುವುದು, ಜಗುಲಿಯಲ್ಲಿ ಬೆಲ್ಲದ ಕಾಫಿ ಕುಡಿಯುವುದು, ನಾನು ಓದಿದ್ದನ್ನು ಅವನಿಗೆ, ಅವನು ಓದಿದ್ದನ್ನು ನನಗೆ ಹೇಳುವುದು. ಇಲಾಖೆ ಬಿಟ್ಟ ಮೇಲೆ ಅವನು ಊರಿನ ಬೆಳೆಗಾರರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸಂಘದ ಕಚೇರಿಗೆ ಹೊರಲೋಕದ ಸಂಪರ್ಕ ಎರಡು ಕಡೆಯಿಂದ ಬರುತ್ತಿತ್ತು: ಒಂದು, ರಸ್ತೆಯ ಅಂಚಿನಲ್ಲಿ ಹೂತ ಗಾಜಿನ ಎಳೆಯ ಕೇಬಲ್ಲು, ಇನ್ನೊಂದು, ಇವನೇ ತನ್ನ ಮನೆಯ ಹಿಂದಿನ ಗುಡ್ಡದ ನೆತ್ತಿಯ ಮೇಲೆ ಕಂಬ ನೆಟ್ಟು ಕಟ್ಟಿದ ರೇಡಿಯೊ. ಕೇಬಲ್ಲು ವೇಗದ್ದು, ರೇಡಿಯೊ ನಿಧಾನದ್ದು. ಯಾವಾಗ ಯಾವುದರಲ್ಲಿ ಕಳಿಸಬೇಕೆಂದು ನಿರ್ಧರಿಸುವ ಯಂತ್ರವೊಂದು ಕಚೇರಿಯ ಮೂಲೆಯಲ್ಲಿತ್ತು. ಅದರೊಳಗೆ ದಾರಿಗಳ ಒಂದು ಪಟ್ಟಿ ಇರುತ್ತದೆ, ಇಂಥಲ್ಲಿಗೆ ಹೋಗಬೇಕಾದರೆ ಇಂಥ ಬಾಗಿಲಿನಿಂದ ಹೊರಡು ಎಂದು. ಆ ಪಟ್ಟಿಯೇ ಅವನ ಕೊನೆಯ ವರ್ಷಗಳ ಚಿಂತೆಯಾಯಿತು.

ಅವನು ನನಗೆ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಬಾಗಿಲು ಬಿದ್ದುಹೋದರೆ, ಆ ಬಾಗಿಲಿನಿಂದ ಹೊರಡುವ ದಾರಿಗಳನ್ನು ಆಪರೇಟಿಂಗ್ ಸಿಸ್ಟಮ್ ಏನು ಮಾಡಬೇಕು? ಅವನ ಯಂತ್ರದಲ್ಲಿದ್ದದ್ದು ಎರಡು ನ್ಯಾಯ ಮಾಡುತ್ತಿತ್ತು. ತಂತಿ ತಾನಾಗಿ ಸತ್ತರೆ ದಾರಿ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಸಂದೇಶಗಳು ಆ ಸತ್ತ ಬಾಗಿಲಿಗೇ ಹೋಗಿ ಬೀಳುತ್ತಿರುತ್ತವೆ. ಅದೇ ನಾವಾಗಿ, ಕೈಯಾರೆ, ಬಾಗಿಲನ್ನು ಮುಚ್ಚಿದರೆ ಅದರ ದಾರಿಗಳೆಲ್ಲ ಪಟ್ಟಿಯಿಂದ ಅಳಿಸಿಹೋಗುತ್ತವೆ. ಮತ್ತೆ ತೆರೆದಾಗ ನಾವು ಬರೆದಿದ್ದ ದಾರಿ ಅದಕ್ಕೆ ನೆನಪಿರುವುದಿಲ್ಲ, ಹೊಸದಾಗಿ ಬರೆಯಬೇಕು. “ಸತ್ತದ್ದನ್ನ ಬದುಕಿದೆ ಅಂತದೆ, ಮಲಗಿದ್ದನ್ನ ಹುಟ್ಟೇ ಇಲ್ಲ ಅಂತದೆ” ಎನ್ನುತ್ತಿದ್ದ. ಅವನು ಕೇಳುತ್ತಿದ್ದದ್ದು ಬಹಳ ಸಣ್ಣದು. ಬಾಗಿಲು ಬಿದ್ದಾಗ ದಾರಿಯನ್ನು ಅಳಿಸಬೇಡ, ಅದರಲ್ಲಿ ಯಾರನ್ನೂ ಕಳಿಸಲೂ ಬೇಡ. ಮುಚ್ಚಿದೆ ಎಂದು ಗುರುತು ಹಾಕಿ ಇಡು. ಬಾಗಿಲು ಎದ್ದಾಗ ಯಂತ್ರದ ಮೇಲೆ ದೀಪ ಹತ್ತಿತೆಂದು ಗುರುತು ತೆಗೆಯಬೇಡ. ಏನಾದರೊಂದು ಆಚೆಗೆ ಹೋಗಿ ಮರಳಿ ಬಂದಮೇಲೆ ತೆಗೆ.

ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ರಸ್ತೆಯಿಂದ ಅವನ ಮನೆಗೆ ಹೋಗುವ ಕಾಲುದಾರಿಯ ನಡುವೆ ಒಂದು ತೋಡು ಹರಿಯುತ್ತದೆ. ಅದರ ಮೇಲೆ ಎರಡು ಮರದ ದಿಮ್ಮಿಗಳ ಸಂಕ. ಮಳೆಗಾಲದಲ್ಲಿ ಸಂಕ ಹೋದರೆ, ಅದನ್ನು ಮೊದಲು ಕಂಡವರು ಹಸಿ ಸೊಪ್ಪಿರುವ ಒಂದು ಕೊಂಬೆಯನ್ನು ಮುರಿದು ದಾರಿಯ ಬಾಯಿಗೆ ಅಡ್ಡ ಇಡಬೇಕು. ಆಮೇಲೆ ಎಸ್ಟೇಟಿನ ಜೀಪುದಾರಿಯಲ್ಲಿ ಎರಡು ಮೈಲಿ ಸುತ್ತಿ ಆಚೆ ಬಾಯಿಗೂ ಒಂದು ಇಡಬೇಕು. ಸೊಪ್ಪು ಕಂಡವರು ಕೇಳದೆ ತಿರುಗಿಹೋಗುತ್ತಾರೆ. ಸಂಕ ಮತ್ತೆ ಕಟ್ಟಿಯಾದ ಮೇಲೂ, ಹೊಸ ದಿಮ್ಮಿ ಕಣ್ಣಿಗೆ ಕಾಣುತ್ತಿದ್ದರೂ, ಈಚೆಯಿಂದ ಯಾರೂ ಸೊಪ್ಪು ತೆಗೆಯುವುದಿಲ್ಲ. ಆಚೆಯಿಂದ ದಾಟಿ ಬಂದವನು ತೆಗೆಯಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಆ ಕಡೆಯ ಮಕ್ಕಳಿಗೂ ಗೊತ್ತು. ದಾಟದೆ ಸೊಪ್ಪು ತೆಗೆದವನೆಂದರೆ ಅದು ಅಲ್ಲಿ ಜಗಳದಲ್ಲಿ ಆಡುವ ಬೈಗುಳ. ಮಳೆಗಾಲದಲ್ಲಿ ನಾನು ಫೋನು ಮಾಡಿ ಬರಲೇ ಎಂದರೆ ಅವನು ತನ್ನ ಅರೆಭಾಷೆಯಲ್ಲಿ ದಾರಿಯೇನೋ ಇದೆ, ಸಂಕ ಇಲ್ಲ ಎಂಬುದನ್ನು ನಾಲ್ಕೇ ಮಾತಿನಲ್ಲಿ ಮುಗಿಸುತ್ತಿದ್ದ: “ದಾರಿ ಉಟ್ಟು. ಸಂಕ ಇಲ್ಲೆ.”

ಅವನ ‘ನಿನ್ನೆ ಇತ್ತು’ ಹುಟ್ಟಿನಿಂದ ಬಂದ ಗುಣವೆಂದು ಊರಿನವರು ತಿಳಿದಿದ್ದಾರೆ. ಹಾಗಲ್ಲ. ನಾನು ಮೊದಲು ಕಂಡ ತೀರ್ಥಪ್ರಸಾದ ಎಲ್ಲಕ್ಕೂ ‘ಇದೆ, ಇದೆ’ ಎನ್ನುತ್ತಿದ್ದ ಉಲ್ಲಾಸದ ಮನುಷ್ಯ; ಬಸ್ಸು ಇಲ್ಲದಿದ್ದರೂ ಇದೆ ಎಂದು ಜನರನ್ನು ಒಂದು ಗಂಟೆ ನಿಲ್ಲಿಸಿದವನು. ಬದಲಾದದ್ದು ಗುಡ್ಡಗಳು ಜರಿದ ಆ ಆಗಸ್ಟಿನಲ್ಲಿ.

ಆಗ ಮೇಲಿನ ಊರುಗಳ ಜನರನ್ನು ಶಾಲೆಯ ಕಟ್ಟಡದಲ್ಲಿ ಇರಿಸಿದ್ದರು. ಮೊಬೈಲಿನ ಟವರುಗಳು ಡೀಸೆಲ್ಲಿಲ್ಲದೆ ಸತ್ತಿದ್ದವು. ಶಾಲೆಯಿಂದ ಸಂಘದ ಕಚೇರಿಗೆ, ಅಲ್ಲಿಂದ ತಾಲ್ಲೂಕಿನ ಕಂಟ್ರೋಲ್ ರೂಮಿಗೆ ಸಂದೇಶ ಹೋಗುತ್ತಿದ್ದದ್ದು ಇವನ ಯಂತ್ರದ ಮೂಲಕ ಮಾತ್ರ. ರಸ್ತೆ ಹೋದ ದಿನವೇ ಕೇಬಲ್ಲು ಹೋಯಿತು. ಇವನು ಕೇಬಲ್ಲಿನ ಬಾಗಿಲನ್ನು ಕೈಯಾರೆ ಮುಚ್ಚಿ, ಗುಡ್ಡದ ರೇಡಿಯೊದ ದಾರಿಯನ್ನು ಬರೆದ. ಎರಡು ದಿನ ಎಲ್ಲ ಅದರಲ್ಲೇ ಹೋಯಿತು. ಶಿಬಿರದ ನರ್ಸ್ ಸುಮಿತಾ ಬೇಕಾದ ಔಷಧಿಗಳ ಪಟ್ಟಿಯನ್ನು ಟೈಪು ಮಾಡಿ ಕಳಿಸುತ್ತಿದ್ದಳು. ಸಂಜೆಯೊಳಗೆ ಔಷಧಿ ಹೇಗೋ ಬರುತ್ತಿತ್ತು. ಆದರೆ ಕಾಣೆಯಾದವರ ಫೋಟೋಗಳು, ಹೆಸರುಗಳ ಪಟ್ಟಿಗಳು ಎಲ್ಲ ಸೇರಿ ರೇಡಿಯೊ ಏದುಸಿರು ಬಿಡುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಕೇಬಲ್ಲಿನ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ತೀರ್ಥ ಬಾಗಿಲನ್ನು ತೆರೆದ, ಅಳಿಸಿಹೋಗಿದ್ದ ದಾರಿಯನ್ನು ಮತ್ತೆ ಬರೆದ, ರೇಡಿಯೊವನ್ನು ಪಕ್ಕಕ್ಕಿಟ್ಟ, ಕೆಸರಿನಲ್ಲಿ ಶಾಲೆಯವರೆಗೆ ಓಡಿದ. “ಲೈನ್ ಇದೆ ಸಿಸ್ಟರ್, ಎಷ್ಟು ಬೇಕಾದ್ರೂ ಕಳ್ಸಿ” ಎಂದ. ಅದು ಅವನ ಬಾಯಿಂದ ನಾನು ಕೇಳಿದ ಕೊನೆಯ ‘ಇದೆ’. ನಾನೂ ಅಲ್ಲಿ ಅಕ್ಕಿ ಅಳೆಯುತ್ತಿದ್ದೆ.

ದೀಪ ಹತ್ತಿದ್ದು ಕೇಬಲ್ಲು ಮುಂದಿನ ತಿರುವಿನ ಪೆಟ್ಟಿಗೆಯವರೆಗೆ ಸರಿಯಾಗಿದ್ದರಿಂದ. ಅದರಾಚೆಗೆ ಕೇಬಲ್ಲೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಸುಮಿತಾಳ ಸಂದೇಶ ಸಂಘದ ಕಚೇರಿಗೆ ತಲುಪುತ್ತಿತ್ತು, ಹಾಗಾಗಿ ಅವಳ ಪರದೆಯ ಮೇಲೆ ಹೋಯಿತೆಂದೇ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅದು ಹೋಗಲಿಲ್ಲ. ಹತ್ತೊಂಬತ್ತು ಗಂಟೆ. ಮಾರನೆಯ ಬೆಳಿಗ್ಗೆ, ಯಾವುದಕ್ಕೂ ಉತ್ತರ ಬಂದಿಲ್ಲವೆಂದು ಅನುಮಾನವಾಗಿ ಅವನು ಪರೀಕ್ಷಿಸಿ ನೋಡಿ, ಗುಡ್ಡದ ದಾರಿಗೆ ತಿರುಗಿಸಿದ. ನಿಂತಿದ್ದ ಸಂದೇಶಗಳೆಲ್ಲ ಒಂದೊಂದಾಗಿ ಹೊರಟವು. ಅವುಗಳಲ್ಲಿ ಒಂದು, ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯಿಂದ ಬಂದಿದ್ದ ಚೋಮಿ ಎಂಬ ವಯಸ್ಸಾದ ಹೆಂಗಸಿಗೆ ಇನ್ಸುಲಿನ್ ಬೇಕೆಂಬುದು. ಔಷಧಿ ಸಂಜೆ ಬಂತು. ಅಷ್ಟರಲ್ಲಿ ಚೋಮಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಗೆ ಹೊತ್ತು ಸಾಗಿಸಿದರು, ಎರಡು ದಿನದ ಮೇಲೆ ತೀರಿಕೊಂಡಳು.

ಮೂತ್ರಪಿಂಡ ಮೊದಲೇ ಹೋಗಿತ್ತು, ಒಂದು ದಿನ ಮುಂಚೆ ಔಷಧಿ ಸಿಕ್ಕಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗುವುದಿಲ್ಲ ಎಂದು ವೈದ್ಯರು ಹೇಳಿದರಂತೆ. ಕಂಟ್ರೋಲ್ ರೂಮಿನವರು ತಡಮಾಡಿದರು ಎಂದು ಶಿಬಿರದಲ್ಲಿ ಎಲ್ಲರೂ ಬೈದರು. ಅಲ್ಲಿನ ಗುಮಾಸ್ತನೊಬ್ಬನಿಗೆ ನೋಟೀಸು ಹೋಯಿತು. ತೀರ್ಥ ಸುಮ್ಮನಿದ್ದ. ನನಗೆ ಅವನು ಹೇಳಿದ್ದು ಒಂದು ತಿಂಗಳ ಮೇಲೆ, ಸಂಕದ ಈಚೆ ನಿಂತು. ಸಂಕ ಹೊಸದು, ಸೊಪ್ಪು ಇನ್ನೂ ಇತ್ತು, ಒಣಗಿ ಕಂದಾಗಿತ್ತು. “ನೋಡಿ ಮೇಷ್ಟ್ರೇ” ಎಂದ. “ಇಷ್ಟು ಸಣ್ಣ ತೋಡಿಗೆ ನಾನು ದಾಟದೆ ಸೊಪ್ಪು ತೆಗೀಲಿಕ್ಕಿಲ್ಲ. ಅಲ್ಲಿ ದೀಪ ನೋಡಿ ತೆಗ್ದೆ.”

ಆಮೇಲೆ ಎಂಟು ತಿಂಗಳು ಹೇಳಲೂ ಆಗದೆ ಬಿಡಲೂ ಆಗದೆ ಕಳೆದ. ಮೊದಲು ತಾಲ್ಲೂಕು ಕಚೇರಿಗೆ ಹೋಗಿ, ತಪ್ಪು ಗುಮಾಸ್ತನದಲ್ಲ, ನನ್ನದು ಎಂದು ಬರೆದುಕೊಟ್ಟ. ಆ ಫೈಲು ಮುಗಿದಿದೆ, ಗುಮಾಸ್ತನಿಗೆ ವರ್ಗವಾಗಿದೆ, ಇದನ್ನು ಯಾವುದಕ್ಕೆ ಸೇರಿಸುವುದು ಎಂದು ಅವರು ಕಾಗದವನ್ನು ಅವನ ಕೈಗೇ ಹಿಂದಿರುಗಿಸಿದರು. ಮುಂದಿನ ವರ್ಷದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಚೋಮಿಯ ಮಗನ ಹತ್ತಿರ ಹೋಗಬೇಕು, ನೀವೂ ಬನ್ನಿ ಎಂದ. ಹೋದೆವು.

ಮಗನ ಹೆಸರು ಪುಟ್ಟ, ನಲವತ್ತು ದಾಟಿದವನು. ಎಸ್ಟೇಟುಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವುದು ಅವನ ಕೆಲಸ; ಆ ಸುತ್ತಿನಲ್ಲಿ ಅವನಷ್ಟು ಎತ್ತರ ಹತ್ತುವವರಿಲ್ಲ. ಲೈನ್‌ಮನೆಯ ಮುಂದೆ ಬೆಂಚು ಹಾಕಿ ನಮ್ಮನ್ನು ಕೂರಿಸಿದ. ತೀರ್ಥ ಕೋಟು ಹಾಕಿಕೊಂಡೇ ಕೂತು, ಕೇಬಲ್ಲು, ಪೆಟ್ಟಿಗೆ, ದಾರಿಗಳ ಪಟ್ಟಿ ಎಂದು ಹತ್ತು ನಿಮಿಷ ವಿವರಿಸಿದ. ಪುಟ್ಟ ಕತ್ತಿಯ ಹಿಡಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ಕೇಳಿದ.

“ತೀರ್ಥಣ್ಣ, ನಂಗೆ ಈ ಕಂಪ್ಯೂಟ್ರು ಎಲ್ಲ ತಿಳಿಯಲ್ಲ. ಎಂತ ಹೇಳ್ಲಿಕ್ಕೆ ಬಂದ್ರಿ, ಅದನ್ನ ಹೇಳಿ.”

“ಸಂಕ ಹೋಗಿತ್ತು ಪುಟ್ಟ. ಕಟ್ಟಿದ್ದಾರೆ ಅಂತ ಈಚೆ ಕಡೆಯಿಂದ ಕಂಡ್ತು. ನಾನು ಸೊಪ್ಪು ತೆಗ್ದೆ. ನಿಮ್ಮಮ್ಮನ ಚೀಟಿ ಆ ದಾರೀಲಿ ಹೋಯ್ತು.”

ಪುಟ್ಟನ ಕೈ ನಿಂತಿತು. “ದಾಟದೆ?”

“ದಾಟದೆ.”

ಅವನು ಎದ್ದು ಒಳಗೆ ಹೋದ. ನಾವು ಏಳಬೇಕೋ ಕೂರಬೇಕೋ ತಿಳಿಯದೆ ಕೂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಎರಡು ಲೋಟ ಕರಿ ಕಾಫಿ ಹಿಡಿದುಕೊಂಡು ಬಂದ.

“ಅವ್ವ ಆವತ್ತೆಲ್ಲ ಕೇಳ್ತಾ ಇತ್ತು, ಮದ್ದು ಬಂತಾ ಪುಟ್ಟ, ಮದ್ದು ಬಂತಾ ಅಂತ. ಬರ್ತಾ ಉಂಟು ಅವ್ವ, ದಾರೀಲಿ ಉಂಟು ಅಂತ ಹೇಳ್ತಾ ಇದ್ದೆ. ನಾನೂ ನೋಡದೆ ಹೇಳಿದ್ದೇ” ಎಂದ. ಲೋಟಗಳನ್ನು ನಮ್ಮ ಮುಂದಿಟ್ಟು, “ಕಾಫಿ ಕುಡೀರಿ. ಕುಡ್ದು ಹೋಗಿ. ಇನ್ನು ನಾನು ಹೇಳೋತನಕ ಈ ಕಡೆ ಬರ್ಬೇಡಿ ತೀರ್ಥಣ್ಣ. ಕಂಡ್ರೆ ನಂಗೆ ಆಗಲ್ಲ.”

ಅಷ್ಟೇ. ಗಟ್ಟಿದನಿಯ ಒಂದು ಮಾತಿಲ್ಲ. ಬರುವಾಗ ತೀರ್ಥ ಕವಲುದಾರಿಯಲ್ಲಿ ಎಂದಿನಂತೆ ಒಂದು ಉಸಿರು ನಿಲ್ಲಲಿಲ್ಲ. ಬಹಳ ಹೊತ್ತು ನಿಂತ.

ಅವನು ಮತ್ತೆ ಆ ಕಡೆ ಹೋಗಲಿಲ್ಲ. ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಂಪ್ಯೂಟರು ಕೆಟ್ಟಿದೆ ಬನ್ನಿ ಎಂದು ಕರೆದರೆ, ಯಂತ್ರವನ್ನು ಸಂಘಕ್ಕೆ ತಂದುಕೊಡಿ ಎನ್ನುತ್ತಿದ್ದ. ಎದುರಿಗೆ ಪುಟ್ಟ ಬರುವುದು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಅವಮಾನದಿಂದ ತಪ್ಪಿಸಿಕೊಳ್ಳುವವನ ಅವಸರ ಅದರಲ್ಲಿರಲಿಲ್ಲ. ಮಾತು ಕೊಟ್ಟವನ ಎಚ್ಚರವಿತ್ತು. ಆದರೆ ಪುಟ್ಟನ ವಿಚಾರ ಅವನು ಬಿಡಲಿಲ್ಲ. ಪುಟ್ಟ ಮರದಿಂದ ಜಾರಿ ಕೈ ಉಳುಕಿಸಿಕೊಂಡದ್ದು, ಪುಟ್ಟನ ಮಗಳು ಹಾಸ್ಟೆಲಿಗೆ ಸೇರಿದ್ದು, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಪ್ರತಿವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ, ಬೇರೆ ಏನೋ ಮಾತಾಡುತ್ತಿರುವಾಗ, ನಡುವೆ ಕೇಳುತ್ತಿದ್ದ.

“ಪುಟ್ಟ ಸಿಕ್ಕಿದ್ನಾ ಮೇಷ್ಟ್ರೇ? ಏನಾದ್ರೂ ಹೇಳಿದ್ನಾ?”

“ಇಲ್ಲ.”

“ಹ್ಞಾ. ದಾರಿ ಉಟ್ಟು. ಸಂಕ ಇಲ್ಲೆ.”

ಒಮ್ಮೆ ನಾನು ತಾಳ್ಮೆ ಕಳೆದುಕೊಂಡು, ಇಷ್ಟು ವರ್ಷವಾಯಿತಲ್ಲ, ನೀನೇ ಹೋಗಿ ಮಾತಾಡಬಾರದೇ ಎಂದೆ. “ಒಂದ್ಸಲ ಸೊಪ್ಪು ತೆಗ್ದಾಯ್ತಲ್ಲ ನಾನೇ” ಎಂದ. ನಾನು ಮತ್ತೆ ಆ ಮಾತೆತ್ತಲಿಲ್ಲ.

ಆ ವರ್ಷಗಳಲ್ಲೇ ಅವನು ದಾರಿಗಳ ಪಟ್ಟಿಯ ಬಗ್ಗೆ ಒಂದು ಕಾಗದ ಬರೆದದ್ದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ತಿದ್ದುವವರು ಲೋಕದ ನಾನಾ ಕಡೆ ಇರುತ್ತಾರಂತೆ, ಎಲ್ಲರೂ ಓದುವ ಒಂದು ಇ-ಮೇಲ್ ಪಟ್ಟಿಗೆ ಯಾರು ಬೇಕಾದರೂ ಬರೆಯಬಹುದಂತೆ. ಅವನು ಮೊದಲು ಕನ್ನಡದಲ್ಲಿ ಹನ್ನೊಂದು ಪುಟ ಬರೆದ. ನಾನು ಅದನ್ನು ಇಂಗ್ಲಿಷಿಗೆ ತಂದು ಎರಡು ಪುಟ ಮಾಡಿದೆ. ಸಂಕ, ತೋಡು, ಸೊಪ್ಪು ಎಲ್ಲ ಅವರಿಗೆ ತಿಳಿಯುವುದಿಲ್ಲವೆಂದು ನಾನೇ ಹೊಡೆದುಹಾಕಿದೆ. ಹದಿನೈದು ದಿನಕ್ಕೆ ಯಾರೋ ಚಳಿದೇಶದವರು ಸಭ್ಯವಾಗಿ ಉತ್ತರಿಸಿದರು: ಈಗಿರುವ ನಡತೆಯನ್ನೇ ನಂಬಿಕೊಂಡು ಬಹಳ ಯಂತ್ರಗಳು ಓಡುತ್ತಿವೆ, ಏಕಾಏಕಿ ಬದಲಿಸಲಾಗದು, ದಾರಿ ನಿಜವಾಗಿ ಆಚೆ ಮುಟ್ಟುತ್ತದೆಯೇ ಎಂದು ಪರೀಕ್ಷಿಸುವುದು ಕರ್ನಲ್ಲಿನ ಕೆಲಸವಲ್ಲ, ಅದರ ಮೇಲೆ ಓಡುವ ಬೇರೆ ಪ್ರೋಗ್ರಾಮುಗಳ ಕೆಲಸ, ಅಂಥವು ದೊಡ್ಡ ಕಡೆಗಳಲ್ಲಿ ಇವೆ. ತೀರ್ಥ ಅದನ್ನು ಮೂರು ಸಲ ಓದಿದ. ಸಿಟ್ಟು ಬರಲಿಲ್ಲ.

“ಅವರು ಹೇಳೋದೂ ಸರಿಯೇ. ಸೊಪ್ಪು ಹಾಕೋದು ತೋಡಿನ ಕೆಲಸ ಅಲ್ವಲ್ಲ, ಜನರ ಕೆಲಸ” ಎಂದ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, “ಆದ್ರೂ ಸೊಪ್ಪಿನ ವಿಷಯ ನೀವು ತೆಗೀಬಾರ್ದಿತ್ತು ಮೇಷ್ಟ್ರೇ. ಅದೊಂದೇ ಅವರಿಗೆ ತಿಳೀತಿತ್ತು.”

ಆಮೇಲೆ ತಾನೇ ಒಂದು ಪುಟ್ಟ ಪ್ರೋಗ್ರಾಮು ಬರೆದು ಸಂಘದ ಯಂತ್ರದಲ್ಲಿ ಇಟ್ಟ. ಬಾಗಿಲು ಬಿದ್ದರೆ ಅದು ದಾರಿಯನ್ನು ಅಳಿಸದೆ ಪಕ್ಕಕ್ಕಿಡುತ್ತದೆ. ಬಾಗಿಲು ಎದ್ದರೆ ಆಚೆಗೆ ಒಂದು ಸಣ್ಣ ಸಂದೇಶವನ್ನು ಕಳಿಸಿ, ಅದು ಮರಳಿ ಬರುವವರೆಗೆ ಕಾಯುತ್ತದೆ. ಒಂದಲ್ಲ, ಮೂರು ಸಲ. ಈ ಸಲದ ಮಳೆಗೆ ಕೇಬಲ್ಲು ಎರಡು ಬಾರಿ ಹೋಯಿತು, ಬಂತು. ಸಂಘದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಈಗ ಅವನ ಜಾಗದಲ್ಲಿರುವ ಪ್ರಜ್ಞೇಶ್ ಮೊನ್ನೆ ನನ್ನನ್ನು ಕರೆದು, “ಸರ್, ಇಲ್ಲಿ ‘ಸೊಪ್ಪು’ ಅಂತ ಒಂದು ಫೈಲುಂಟು. ತೀರ್ಥಣ್ಣ ಅಡಿಗೆದ್ದು ಎಂತಾದ್ರೂ ಬರ್ದಿಟ್ಟಿದ್ರಾ? ಡಿಲೀಟ್ ಮಾಡ್ಲಾ?” ಎಂದು ಕೇಳಿದ. ಬೇಡ ಎಂದೆ. ಏಕೆಂದು ಹೇಳಲು ಕುರ್ಚಿ ಎಳೆದುಕೊಂಡು ಕೂರಬೇಕಾಯಿತು.

ಇನ್ನು ಉಳಿದದ್ದನ್ನು ಹೇಳಬೇಕು. ಇದಕ್ಕಾಗಿಯೇ ಐದು ತಿಂಗಳು ತಡವಾದದ್ದು.

ಫೆಬ್ರವರಿಯ ಒಂದು ಶನಿವಾರ ಮಾದಾಪುರದ ಬಸ್ ಸ್ಟ್ಯಾಂಡಿನಲ್ಲಿ ಪುಟ್ಟ ತಾನಾಗಿ ನನ್ನ ಹತ್ತಿರ ಬಂದ. ತಲೆ ಪೂರ್ತಿ ನರೆತಿತ್ತು. ಬಸ್ಸು, ಬಿಸಿಲು, ಕಾಫಿ ಫಸಲು ಎಂದು ಏನೇನೋ ಮಾತಾಡಿ, ಹೊರಡುವಾಗ ಹೇಳಿದ: “ತೀರ್ಥಣ್ಣ ಈಗ್ಲೂ ರಸ್ತೆ ದಾಟಿ ಆಚೆ ಹೋಗ್ತಾರೆ ಮೇಷ್ಟ್ರೇ. ಮೊನ್ನೆ ಹಾಗೆ ಹೋಗ್ಲಿಕ್ಕೆ ಹೋಗಿ ಜೀಪಿನ ಅಡಿಗೆ ಬೀಳ್ತಿದ್ರು. ಸ್ವಲ್ಪ ಬರ್ಲಿಕ್ಕೆ ಹೇಳಿ. ಮನೆಗೆ. ಒಂದು ಕಾಫಿ ಕುಡ್ದು ಹೋಗ್ಲಿ.”

ನನ್ನ ಜೇಬಿನಲ್ಲಿ ಫೋನಿತ್ತು. ಅಲ್ಲೇ ನಿಂತು ಮಾಡಬಹುದಿತ್ತು. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದು, ಎದುರಿಗೆ ಕೂತು ಹೇಳಬೇಕು, ಅವನ ಮುಖ ನೋಡಬೇಕು ಎಂದುಕೊಂಡೆ. ಗುರುವಾರ ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ. ಭಾನುವಾರ ಅವನೇ ಯಾವುದೋ ಪುಸ್ತಕದ ವಿಚಾರ ಕೇಳಲು ಫೋನು ಮಾಡಿದ. ಆಗಲೂ ನಾಲಿಗೆಯ ತುದಿಗೆ ಬಂದದ್ದನ್ನು ಹಿಡಿದುಕೊಂಡೆ. ಮಂಗಳವಾರ ಬೆಳಿಗ್ಗೆ ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಹರವುತ್ತಿದ್ದವನು ಕೈಲಿದ್ದ ಕೋಲನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತ, ಒರಗಿದ. ಚಿನ್ನಿ ಓಡಿ ಬರುವಷ್ಟರಲ್ಲಿ ಮುಗಿದಿತ್ತು.

ಮಧ್ಯಾಹ್ನ ಅಂಗಳದಲ್ಲಿ ಜನ ತುಂಬಿದ್ದರು. ತೋಡಿನ ಕಡೆಯಿಂದ ಪುಟ್ಟ ಬರುವುದು ಕಾಣಿಸಿತು. ಕೆಲಸದಿಂದ ಹಾಗೇ ಬಂದಿದ್ದ, ಭುಜದ ಮೇಲೆ ಹಗ್ಗವಿತ್ತು. ಒಳಗೆ ಹೋಗಿ ನೋಡಿ, ಹೊರಗೆ ಬಂದು ನನ್ನ ಪಕ್ಕ ನಿಂತ. ಗೂಟದಲ್ಲಿ ಕೋಟು ನೇತಾಡುತ್ತಿತ್ತು.

“ಹೇಳಿದ್ರಾ ಮೇಷ್ಟ್ರೇ?”

ಹೇಳಿದೆ ಎನ್ನಬಹುದಿತ್ತು. ಕೇಳಿ ಅವನಿಗೆ ಬಹಳ ಸಂತೋಷವಾಯಿತು, ಈ ವಾರ ಬರುವವನಿದ್ದ ಎನ್ನಬಹುದಿತ್ತು. ಪುಟ್ಟನಿಗೂ ಸಮಾಧಾನ, ನನಗೂ ಒಂದು ಬಗೆಯ ಬಿಡುಗಡೆ. ಇಡೀ ಊರಿನಲ್ಲಿ ಅದನ್ನು ಸುಳ್ಳೆನ್ನಬಲ್ಲವನು ಒಳಗೆ ಮಲಗಿದ್ದ. ಅವನು ಮಲಗಿದ್ದ ಮನೆಯ ಅಂಗಳದಲ್ಲಿ ನಿಂತು ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ.

“ಇಲ್ಲ ಪುಟ್ಟ. ಗುರುವಾರ ಹೇಳೋಣ ಅಂತಿದ್ದೆ.”

ಅವನು ನನ್ನ ಮುಖ ನೋಡಲಿಲ್ಲ. ಕಣದಲ್ಲಿ ಅರ್ಧ ಹರವಿದ್ದ ಕಾಫಿಯ ಕಡೆ ನೋಡುತ್ತಿದ್ದ. ಕೊನೆಗೆ, “ನಾನೇ ಬರ್ಬೋದಿತ್ತು” ಎಂದ. “ಸಂಕ ಇತ್ತಲ್ಲ.” ಹಗ್ಗವನ್ನು ಜಗುಲಿಯ ಅಂಚಿಗಿಟ್ಟು, ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಉಳಿದ ಕಾಫಿಯನ್ನು ಹರವತೊಡಗಿದ. ಯಾರೂ ಅವನನ್ನು ತಡೆಯಲಿಲ್ಲ.

ಗುರುವಾರ ನಾನು ಈಗಲೂ ಹೊರಡುತ್ತೇನೆ. ಚಿನ್ನಿ ಬೆಲ್ಲದ ಕಾಫಿ ಕೊಡುತ್ತಾಳೆ. ಕಳೆದ ವಾರ ಹೋದಾಗ ದಾರಿಯ ಬಾಯಿಯಲ್ಲಿ ಅಡ್ಡಲಾಗಿ ಒಂದು ಕೊಂಬೆ ಬಿದ್ದಿತ್ತು. ನೇರವಾಗಿ, ಒಂದೇ ಏಟಿಗೆ ಕಡಿದದ್ದು, ಕತ್ತಿಯ ಕೆಲಸ ಬಲ್ಲವನು ಕಡಿದದ್ದು. ಆಚೆ ಬಾಯಿಗೂ ಇಡಲು ಪುಟ್ಟ ಎರಡು ಮೈಲಿ ಸುತ್ತಿ ಹೋಗಿರಬೇಕು. ನಾನು ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ.

ತಂತಿ, ದಾರಿ, ಸಂಕಗಳನ್ನು ಕಾಯುವವರಲ್ಲಿ ಇಂಥ ಒಂದು ಜಾತಿಯ ಮನುಷ್ಯರಿರುತ್ತಾರೆ. ಅವರೊಡನೆ ಬಾಳುವುದು ದಣಿವಿನ ಕೆಲಸ. ಒಂದು ‘ಇದೆ’ಗಾಗಿ ನಮ್ಮನ್ನು ಕಾಯಿಸುತ್ತಾರೆ, ಮದುವೆಮನೆಯಲ್ಲಿ ಅಳಿಸುತ್ತಾರೆ. ಉಳಿದ ನಾವೆಲ್ಲ ದೀಪ ಹತ್ತಿದ್ದನ್ನು ನೋಡಿ ಇದೆ ಎನ್ನುತ್ತೇವೆ, ಆರಿದ್ದನ್ನು ನೋಡಿ ಇಲ್ಲ ಎನ್ನುತ್ತೇವೆ, ಹೇಳಬೇಕಾದ್ದನ್ನು ಗುರುವಾರಕ್ಕೆ ಎತ್ತಿಡುತ್ತೇವೆ. ಹೆಚ್ಚಿನ ದಿನಗಳಲ್ಲಿ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಅಂಥವರು ಒಮ್ಮೆ ತಪ್ಪಿದ ಮೇಲೆ ದಾರಿಯನ್ನು ಮರೆಯುವುದಿಲ್ಲ, ತಾವಾಗಿ ತೆರೆಯುವುದೂ ಇಲ್ಲ. ಈಚೆ ದಡದಲ್ಲಿ, ಒಣಗುತ್ತಿರುವ ಸೊಪ್ಪಿನ ಪಕ್ಕದಲ್ಲಿ, ಆಚೆಯಿಂದ ಯಾರಾದರೂ ದಾಟಿ ಬರಲಿ ಎಂದು ನಿಂತಿರುತ್ತಾರೆ. ಅವರು ಅಲ್ಲಿ ನಿಂತಿದ್ದರು ಎಂಬುದು ನಮಗೆ ಕಾಣುವುದು, ಆ ಜಾಗ ಬರಿದಾದ ಮೇಲೆ.